ಎಡಗೈ ಬರೆದ ಆಕಾಶ

ಹೊಸದುರ್ಗದ ಸುತ್ತಮುತ್ತ ಎಲ್ಲಿ ನಾಟಕ ಆಡಬೇಕೆಂದರೂ ಜನ ಮೊದಲು ಮೂರ್ತಪ್ಪ ಮೇಷ್ಟ್ರ ಮನೆ ಹುಡುಕಿಕೊಂಡು ಬರುತ್ತಾರೆ. ಕಾಲು ಹಾರ್ಮೋನಿಯಂ ಮುಂದೆ ಕೂತು, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಹೊಲ ಉಳುವವರಿಗೂ ಟ್ರ್ಯಾಕ್ಟರ್ ಓಡಿಸುವವರಿಗೂ ಮಾತು, ಹಾಡು, ಹೆಜ್ಜೆ ಕಲಿಸಿ ಸ್ಟೇಜು ಹತ್ತಿಸುವ ಮನುಷ್ಯ ಅವನು. ಅವನ ಹೆಂಡತಿ ಚಂದ್ರಕ್ಕನ ಹೆಸರನ್ನು ಯಾರೂ ಹೇಳುವುದಿಲ್ಲ. ಅವಳು ಸೈಡ್ ವಿಂಗಿನ ಹಿಂದೆ ನೋಟ್‌ಬುಕ್ಕು ಹಿಡಿದು ನಿಂತು, ಮಾತು ಮರೆತವರಿಗೆ ಮಾತು ಎತ್ತಿಕೊಡುತ್ತಾಳೆ. ಆ ದನಿ ಪಾತ್ರಧಾರಿಯ ಕಿವಿಗೆ ಮುಟ್ಟುತ್ತದೆ, ಮೊದಲ ಸಾಲಿನಲ್ಲಿ ಕೂತ ಗೌಡರ ಕಿವಿಗೆ ಮುಟ್ಟುವುದಿಲ್ಲ. ಇಪ್ಪತ್ತೇಳು ವರ್ಷದಿಂದ ಅವಳು ಹಾಗೆ ದನಿ ಅಡಗಿಸಿಯೇ ಮಾತಾಡಿದ್ದಾಳೆ.

ಮೂರ್ತಪ್ಪ ಬರೆದ ‘ಕುಂಕುಮ ಕೆಡಿಸಿದ ಕುಲಸ್ತ್ರೀ’ ನಾಟಕ ಅವಳಿಗೆ ಆದಿಯಿಂದ ಅಂತ್ಯದವರೆಗೆ ಬಾಯಿಪಾಠ. ಆದರೆ ಅದರಲ್ಲಿನ ಒಂದು ಮಾತನ್ನು ಮಾತ್ರ ಅವಳು ಒಮ್ಮೆಯೂ ಎತ್ತಿಕೊಟ್ಟಿಲ್ಲ. ಕೊನೆಯ ದೃಶ್ಯದಲ್ಲಿ ಗಂಡ ಹೆಂಡತಿಯನ್ನು ಬಡಿದು, ಜುಟ್ಟು ಹಿಡಿದು, ದಾರಿ ತಪ್ಪಿದ್ದು ನಿಜವೇ ಅಂತ ಕೇಳುತ್ತಾನೆ. ಹೆಂಡತಿ ಅವನ ಕಾಲಿಗೆ ಬಿದ್ದು ಹೇಳುತ್ತಾಳೆ: “ಹೌದು ಸ್ವಾಮಿ, ನಾನು ಕೆಟ್ಟವಳು. ನಿಮ್ಮ ಕೈಯಾರೆ ನನ್ನನ್ನು ಕೊಂದು ಪುಣ್ಯ ಕಟ್ಟಿಕೊಳ್ಳಿ.” ಆ ಮಾತು ಬಂದಾಗ ಚಂದ್ರಕ್ಕ ನೋಟ್‌ಬುಕ್ಕು ಮುಚ್ಚುತ್ತಾಳೆ. ಹಾರ್ಮೋನಿಯಂ ಹಿಂದಿನಿಂದ ಮೂರ್ತಪ್ಪನೇ ಅದನ್ನು ಎತ್ತಿಕೊಡಬೇಕು. ಅವಳ ಬಾಯಿಂದ ಆ ‘ಹೌದು’ ಹೊರಡಿಸಬೇಕು ಅಂತ ಅವನು, ಹೊರಡಿಸಬಾರದು ಅಂತ ಅವಳು. ಅವರ ಸಂಸಾರ ಅಂದರೆ ಅಷ್ಟೇ.

ಚಂದ್ರಕ್ಕ ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಲ್ಲಿ. ಹುಟ್ಟಾ ಎಡಚಿ. ತುತ್ತು ಎತ್ತಲು ಎಡಗೈ, ಕಸ ಗುಡಿಸಲು ಎಡಗೈ, ಕಲ್ಲು ಬೀಸಿ ಹುಣಸೆಕಾಯಿ ಉದುರಿಸಲು ಎಡಗೈ. ತಾಯಿ ಮುದ್ದಕ್ಕನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹಿಟ್ಟಿನ ಕೋಲು ಸಿಕ್ಕಿದರೆ ಹಿಟ್ಟಿನ ಕೋಲು, ಸೌಟು ಸಿಕ್ಕಿದರೆ ಸೌಟು, ಎಡಗೈ ಗೆಣ್ಣಿನ ಮೇಲೆ ಬಾರಿಸಿಬಿಡುತ್ತಿದ್ದಳು. “ಎಡಗೈಲಿ ಬಡಿಸೋ ಸೊಸೇನ ಯಾರೇ ಮನೆ ತುಂಬಿಸ್ಕಂತಾರೆ” ಅನ್ನುವುದು ಅವಳ ಒಂದೇ ಮಾತು. ಹನ್ನೆರಡು ತುಂಬುವಷ್ಟರಲ್ಲಿ ಹುಡುಗಿ ಬಲಗೈಯವಳಾದಳು, ನೋಡುವವರ ಕಣ್ಣಿಗಾದರೂ. ಹೆಣ್ಣು ನೋಡಲು ಬಂದ ಮೂರ್ತಪ್ಪನ ಕಡೆಯವರಿಗೆ ಬಲಗೈಯಲ್ಲೇ ಕಾಫಿ ಕೊಟ್ಟಳು. ಎಡಚಿ ಅನ್ನುವುದನ್ನು ಗಂಡನ ಮನೆಯಲ್ಲಿ ಬಾಯಿಬಿಡಬಾರದು ಅಂತ ತಾಯಿ ಆಣೆ ಹಾಕಿಸಿ ಕಳಿಸಿದಳು.

ಹಾಗಾಗಿ ಹೊಸದುರ್ಗದ ಮನೆಯ ಬಾಗಿಲಲ್ಲಿ ಅವಳು ಬಿಡುತ್ತಿದ್ದ ರಂಗೋಲಿ ಸೊಟ್ಟ. ಒಳ್ಳೆಯ ಕೆಲಸಕ್ಕೆ ಎಡಗೈ ಮುಂದೆ ಮಾಡುವಂತಿಲ್ಲವಲ್ಲ. ಬಲಗೈ ಎಳೆದ ಗೆರೆ ಚುಕ್ಕಿ ತಪ್ಪಿಸಿ ಓಡುತ್ತಿತ್ತು. “ಇವಳ ರಂಗೋಲಿ ತುಳಿದ್ರೆ ಕಾಲು ಉಳುಕ್ತೈತೆ ನೋಡ್ರಪ್ಪ” ಅಂತ ಮೂರ್ತಪ್ಪ ಬಂದವರ ಮುಂದೆಲ್ಲ ನಗುತ್ತಿದ್ದ. ಅವಳೂ ಸೇರಿ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನಗಲು ಕಾರಣ ಬೇಕಿರಲಿಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ಮೂರ್ತಪ್ಪ ಸ್ವಂತ ಪರದೆ ಮಾಡಿಸಲು ಹೊರಟ. ಭರಮಸಾಗರದಿಂದ ಪರದೆ ಬರೆಯುವ ಯತ್ತಪ್ಪ ಬಂದ. ಮಾತು ಕಡಿಮೆಯ, ನಲವತ್ತು ದಾಟಿದ ಮನುಷ್ಯ. ಎಲ್ಲ ಹೆಂಗಸರಿಗೂ ‘ಅಕ್ಕ’ ಅನ್ನುತ್ತಿದ್ದ. ಹಿತ್ತಿಲ ಕೊಟ್ಟಿಗೆಯಲ್ಲಿ ಇಪ್ಪತ್ತಡಿ ಬಟ್ಟೆ ಹರಡಿ, ಬಣ್ಣದ ಪುಡಿಯನ್ನು ಅಂಟಿನ ನೀರಿನಲ್ಲಿ ಕಲಸಿ ಕೆಲಸ ಹಿಡಿದ. ಮೂರ್ತಪ್ಪ ಹಗಲೆಲ್ಲ ಊರೂರು ತಿರುಗಿ ನಾಟಕ ಕಲಿಸುತ್ತಿದ್ದ. ಎರಡು ವರ್ಷದ ಮಗಳು ಶಾಂತಿಯನ್ನು ಮಲಗಿಸಿ, ಯತ್ತಪ್ಪನಿಗೆ ಊಟ ಕೊಡಲು ಹೋದ ಚಂದ್ರಕ್ಕ ಬಣ್ಣ ನೋಡುತ್ತಾ ನಿಂತುಬಿಡುತ್ತಿದ್ದಳು. ಒಂದು ದಿನ ಅವನು ಕುಂಚ ಕೊಟ್ಟು “ಒಂದು ಗೆರೆ ಎಳೀರಿ ನೋಡಾಣ” ಅಂದ. ಬಲಗೈಯಲ್ಲಿ ಎಳೆದಳು. ಎತ್ತು ಉಚ್ಚೆ ಹೊಯ್ದ ಹಾಗೆ ಹೋಯಿತು. ಆದರೆ ಕುಂಚ ಕೊಟ್ಟಾಗ ಅವಳ ಎಡಗೈ ತಾನಾಗಿ ಮುಂದೆ ಬಂದು ಹಿಂದೆ ಸರಿದದ್ದನ್ನು ಯತ್ತಪ್ಪ ನೋಡಿದ್ದ.

“ಯಾವ ಕೈಗೆ ಬರ್ತೈತೋ ಆ ಕೈಲೇ ಬಳೀರಿ ಅಕ್ಕ. ಬಟ್ಟೆಗೇನು ಗೊತ್ತಾಗ್ತೈತೆ” ಅಂದ.

ಹದಿನೈದು ವರ್ಷದಿಂದ ಕಟ್ಟಿಹಾಕಿದ್ದ ಕೈ ಅದು. ಎಂಟೇ ದಿನದಲ್ಲಿ ಅವಳು ಒಂದು ಇಡೀ ಆಕಾಶ ಬರೆದಳು. ಮೇಲೆ ಕಡುನೀಲಿ, ಕೆಳಗಿಳಿಯುತ್ತಾ ತಿಳಿಯಾಗಿ, ನಡುವೆ ಬಿಳಿ ಮೋಡಗಳು. ಯತ್ತಪ್ಪ ಕೆಳಗಿನ ಬೆಟ್ಟ, ಗುಡಿ, ತೆಂಗಿನ ಮರ ಬರೆದ. ಮೇಲಿನದಕ್ಕೆ ಅವನು ಕುಂಚ ಸೋಕಿಸಲಿಲ್ಲ. ಚಂದ್ರಕ್ಕ ತನ್ನ ಬದುಕಿನಲ್ಲಿ ಅಷ್ಟು ಸುಖವಾಗಿದ್ದ ದಿನಗಳು ಬೇರೆ ಇಲ್ಲ. ಅದನ್ನು ಹೇಳಲು ಅವಳಿಗೆ ಇವತ್ತಿಗೂ ನಾಚಿಕೆಯಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಮೂರ್ತಪ್ಪ ಹೇಳದೆ ಕೇಳದೆ ಬಂದ. ಅವಳು ಅಡುಗೆಮನೆಯಲ್ಲಿ ಬಗ್ಗಿ ಮಡಕೆ ಇಳಿಸುತ್ತಿದ್ದಳು. ಸೊಂಟದ ಮೇಲೆ ಐದು ಬೆರಳಿನ ನೀಲಿ. ಕುತ್ತಿಗೆಯ ಹಿಂದೆ ನೀಲಿ. ಸೆಖೆಗೆ ಸೆರಗು ಸಿಕ್ಕಿಸಿಕೊಳ್ಳುವಾಗ, ಕೂದಲು ಸರಿಸಿಕೊಳ್ಳುವಾಗ ಕೈಗೆ ಬಣ್ಣ ಮೆತ್ತಿದೆ ಅನ್ನುವುದು ಅವಳಿಗೆ ನೆನಪಿರಲಿಲ್ಲ.

“ಅವನ ಕೈ ಬಣ್ಣ ನಿನ್ನ ಸೊಂಟಕ್ಕೆ ಹೆಂಗ್ ಬಂತು?”

“ಅದು ನನ್ ಕೈ ಬಣ್ಣ ಕಣ್ರಿ. ಆಕಾಶ ನಾನೇ ಬರೆದೆ.”

ಮೂರ್ತಪ್ಪ ನಕ್ಕ. ಆ ನಗು ಮುಗಿಯುವ ಮೊದಲೇ ಎಡಗೆನ್ನೆಗೆ ಏಟು ಬಿತ್ತು. ಜುಟ್ಟು ಹಿಡಿದು ಹಿತ್ತಿಲಿಗೆ ಎಳೆದು ತಂದ. ಹೊಸಿಲಿಗೆ ಮೊಣಕಾಲು ಬಡಿದು ಚರ್ಮ ಸುಲಿಯಿತು. ಯತ್ತಪ್ಪನ ಮುಂದೆ ಅವಳನ್ನು ಕೆಡವಿ, ಬಲಗೈಗೆ ಕುಂಚ ತುರುಕಿ “ಬರಿ, ನಾನೂ ನೋಡ್ತೀನಿ” ಅಂದ. ಬಲಗೈ ಎಳೆದ ಗೆರೆ ಸೊಟ್ಟಗೆ ಹೋಯಿತು. ಅವಳು ಕುಂಚವನ್ನು ಕೈ ಬದಲಿಸಿ ಹಿಡಿಯಲು ಎಡಗೈ ಎತ್ತಿದಳು. ತನ್ನ ಮೇಲೆಯೇ ಕೈ ಎತ್ತಿದಳು ಅಂತ ತಿಳಿದು ಅವನು ಪರದೆ ಸುತ್ತುವ ಬಿದಿರು ತಗೊಂಡ. ಬೆನ್ನು, ತೊಡೆ, ತಲೆ ಅಂತ ನೋಡಲಿಲ್ಲ. ಪ್ರತಿ ಏಟಿಗೂ “ಹೌದು ಅನ್ನು, ಬಿಟ್ಬಿಡ್ತೀನಿ” ಅನ್ನುತ್ತಿದ್ದ. ಅವಳು ಪ್ರತಿ ಏಟಿಗೂ “ಇಲ್ಲ” ಅಂದಳು. ಎಡಗಿವಿಯಲ್ಲಿ ಏನೋ ಹರಿದು ಬಿಸಿಯಾಗಿ ಕುತ್ತಿಗೆಗೆ ಇಳಿಯಿತು. ಅಲ್ಲಿಂದಾಚೆಗೆ ಅವನ ಮಾತು ಒಂದೇ ಕಿವಿಯಲ್ಲಿ ಕೇಳಿಸಿತು.

ಅಡ್ಡ ಬಂದ ಯತ್ತಪ್ಪನನ್ನು ಅವನು ಒರಳು ಕಲ್ಲಿನ ಹತ್ತಿರ ಕೆಡವಿದ. ಬಲಗೈಯನ್ನು ಕಲ್ಲಿನ ಮೇಲೆ ಇಟ್ಟು, ಮೊಣಕಾಲಲ್ಲಿ ಒತ್ತಿ ಹಿಡಿದು, ಒನಕೆಯಿಂದ ಎರಡು ಸಲ ಇಳಿಸಿದ. “ಈ ಕೈ ತಾನೇ ಲೇ ಮುಟ್ಟಿದ್ದು” ಅಂದ. ಬೆರಳು ಮುರಿದ ಸದ್ದು ಚಂದ್ರಕ್ಕನಿಗೆ ಬಲಗಿವಿಯಲ್ಲಿ ಚೆನ್ನಾಗಿ ಕೇಳಿತು. ಯತ್ತಪ್ಪ ಕೂಗಿಕೊಂಡನೇ ಹೊರತು “ನಾನು ಮುಟ್ಟಿಲ್ಲ” ಅಂತ ಬೇಡಿಕೊಳ್ಳಲಿಲ್ಲ. ಮುರಿದ ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಹೋದ. ಆಮೇಲೆ ಅವನು ಕುಂಚ ಹಿಡಿಯಲಿಲ್ಲ.

ಕಿವಿ ತೋರಿಸಲು ಹೋದಾಗ ಡಾಕ್ಟರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದರು: “ಗಂಡ ಹೊಡೆದ್ನೇನಮ್ಮ?”

“ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ.”

ಆ ವಾರದಲ್ಲಿ ಅವಳು ಎಷ್ಟು ‘ಇಲ್ಲ’ ಹೇಳಿದ್ದಳೋ ಲೆಕ್ಕವಿಲ್ಲ. ಎಲ್ಲವೂ ನಿಜ, ಡಾಕ್ಟರಿಗೆ ಹೇಳಿದ್ದೊಂದು ಬಿಟ್ಟು.

ಹೆಂಡತಿ ‘ಹೌದು’ ಅನ್ನಲಿಲ್ಲ. ಅನ್ನದಿದ್ದರೆ ಮೂರ್ತಪ್ಪನಿಗೆ ನೆಮ್ಮದಿಯಿಲ್ಲ. ಮಳೆಗಾಲ ಪೂರ್ತಿ ಕೂತು ನಾಟಕ ಬರೆದ. ನಾಟಕದ ಗಂಡ ಸಂಗೀತದ ಮೇಷ್ಟ್ರು, ಕಳ್ಳ ಪ್ರಿಯಕರ ಒಬ್ಬ ಚಿತ್ರಗಾರ, ಹೆಂಡತಿ ಕೊನೆಗೆ ಕಾಲಿಗೆ ಬಿದ್ದು ಒಪ್ಪಿಕೊಂಡು ಸಾಯುತ್ತಾಳೆ. ಮನೆಯಲ್ಲಿ ಸಿಗದ್ದನ್ನು ಕಾಗದದಲ್ಲಿ ತಗೊಂಡ. ಮೊದಲ ಆಟದಲ್ಲೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೊನೆಯ ದೃಶ್ಯಕ್ಕೆ ‘ಒನ್ಸ್ ಮೋರ್’ ಬಿತ್ತು. ಸತ್ತ ಹೆಂಡತಿ ಎದ್ದು, ಸೆರಗು ಸರಿಮಾಡಿಕೊಂಡು, ಮತ್ತೆ ಏಟು ತಿಂದು, ಮತ್ತೆ ಸಾಯಬೇಕು. ಹೆಣ್ಣೊಂದು ಒದೆ ತಿಂದು ಸಾಯುವುದನ್ನು ಇನ್ನೊಂದು ಸಲ ತೋರಿಸಿ ಅನ್ನುವ ಜನ ನಾವು, ಮೂರ್ತಪ್ಪನೊಬ್ಬನನ್ನೇ ಬೈದು ಏನು ಮಾಡುವುದು. ಪಾತ್ರಕ್ಕೆ ಹೆಸರು ಬೇರೆ ಇಟ್ಟಿದ್ದರೂ ಅದು ಯಾರ ಕತೆ ಅಂತ ಇಡೀ ತಾಲ್ಲೂಕಿಗೆ ಗೊತ್ತಿತ್ತು. ಚಂದ್ರಕ್ಕ ನಲ್ಲಿಗೆ ಬಂದರೆ ಹೆಂಗಸರು ಬಿಂದಿಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಹಳ್ಳಿಯ ನಾಟಕದಲ್ಲಿ ಒಂದು ಪದ್ಧತಿಯಿದೆ. ಗಂಡಸರ ಪಾತ್ರಕ್ಕೆ ಊರವರೇ ಆಗುತ್ತಾರೆ, ಹೆಣ್ಣು ಪಾತ್ರಕ್ಕೆ ಚಿತ್ರದುರ್ಗದಿಂದಲೋ ದಾವಣಗೆರೆಯಿಂದಲೋ ಕಲಾವಿದೆಯರು ಬರಬೇಕು. ಅವರು ಬರುವುದು ಆಟಕ್ಕೆ ಒಂದು ದಿನ ಮುಂಚೆ. ಅಲ್ಲಿಯವರೆಗೆ ಎರಡು ತಿಂಗಳ ಪ್ರಾಕ್ಟೀಸಿನಲ್ಲಿ ಹೆಣ್ಣಿನ ಜಾಗದಲ್ಲಿ ಯಾರಾದರೂ ನಿಲ್ಲಬೇಕು. ಮೂರ್ತಪ್ಪನ ಪ್ರಾಕ್ಟೀಸಿನಲ್ಲಿ ಚಂದ್ರಕ್ಕ ನಿಂತಳು, ಊರು ಬಿಟ್ಟು ಊರಿಗೆ. ಹೊಡೆದ ಹಾಗೆ ಮಾಡಲು ಬಾರದ ಹುಡುಗರು ಹೊಡೆದೇಬಿಡುತ್ತಿದ್ದರು. ಹೊಳಲ್ಕೆರೆ ಕಡೆಯ ಒಂದು ಊರಲ್ಲಿ ಕುಡಿದು ಬಂದವನೊಬ್ಬ ಬಿಟ್ಟ ಏಟಿಗೆ ಮುಂದಿನ ಹಲ್ಲು ಉದುರಿತು. ಅವಳು ಹಲ್ಲನ್ನು ಸೆರಗಿಗೆ ಗಂಟು ಹಾಕಿಕೊಂಡು ಮುಂದಿನ ಮಾತು ಎತ್ತಿಕೊಟ್ಟಳು. ‘ಹೌದು’ ಬಂದಾಗ ಮಾತ್ರ ಬಾಯಿ ಮುಚ್ಚಿದಳು. ಹಾರ್ಮೋನಿಯಂ ನಿಲ್ಲುತ್ತಿತ್ತು. ಮೂರ್ತಪ್ಪ ಕಾಯುತ್ತಿದ್ದ. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಅವನೇ ಆ ಮಾತು ಹೇಳುತ್ತಿದ್ದ, ಮನೆಗೆ ಬಂದ ಮೇಲೆ ಅದರ ಸಿಟ್ಟು ತೀರಿಸಿಕೊಳ್ಳುತ್ತಿದ್ದ.

ಈ ಎಲ್ಲ ಆಟಗಳ ಹಿಂದೆ ತೂಗುತ್ತಿದ್ದದ್ದು ಅದೇ ಆಕಾಶ. “ಕಳ್ಳನನ್ಮಗ ಆದ್ರೂ ಯತ್ತಪ್ಪನ ಕೈ ಕಲೆಗಾರನ್ದು” ಅಂತ ಮೂರ್ತಪ್ಪ ಪರದೆ ಇಳಿಸುವಾಗೆಲ್ಲ ಹೇಳುತ್ತಿದ್ದ. ಚಂದ್ರಕ್ಕ ಪರದೆಯ ಇನ್ನೊಂದು ತುದಿ ಹಿಡಿದು ಸುತ್ತುತ್ತಿದ್ದಳು. ಒಂದು ಕುಂಚ ಹಿಡಿದು ಎಡಗೈಯಲ್ಲಿ ನಾಲ್ಕು ಗೆರೆ ಎಳೆದು ತೋರಿಸಿದ್ದರೆ ಮುಗಿಯುತ್ತಿತ್ತಲ್ಲ ಅಂತ ನೀವು ಕೇಳಬಹುದು. ಮೊದಮೊದಲು ಹೆದರಿಕೆ. ಆ ಕೈ ಎತ್ತಿದರೆ ಏನಾಗುತ್ತದೆ ಅಂತ ಅವಳು ನೋಡಿದ್ದಳು. ಆಮೇಲಾಮೇಲೆ ಹಟ. ಹೇಳಿದ ಮಾತನ್ನು ನಂಬದವನ ಮುಂದೆ ತಾನೇಕೆ ಪರೀಕ್ಷೆಗೆ ಕೂರಬೇಕು ಅಂತ.

ಒಮ್ಮೆ ಭರಮಸಾಗರದಲ್ಲಿ ಆಟವಿದ್ದಾಗ ಕೆರೆ ಏರಿಯ ಪಕ್ಕದ ಟೀ ಅಂಗಡಿಯಲ್ಲಿ ಯತ್ತಪ್ಪನನ್ನು ಕಂಡಳು. ಬಲಗೈ ಬೆರಳು ಮಡಚಲು ಬಾರದೆ, ಎಡಗೈಯ ಆಸರೆ ಕೊಟ್ಟು ಎರಡೂ ಅಂಗೈಯಲ್ಲಿ ಲೋಟ ಹಿಡಿದು ಗಿರಾಕಿಗಳಿಗೆ ಟೀ ಕೊಡುತ್ತಿದ್ದ. ಅವಳನ್ನು ನೋಡಿ ತಲೆಯಾಡಿಸಿ, ಮುಂದಿನ ಗಿರಾಕಿಯ ಕಡೆ ತಿರುಗಿದ. ಅವಳು ಅಲ್ಲೇ ನಿಂತು ಅತ್ತಳು. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲು ಅವಳಿಗೆ ಧೈರ್ಯ ಸಾಲಲಿಲ್ಲ.

ಒಂದು ದಿನ ಚಿತ್ರದುರ್ಗದ ನಿರಂಜನ್ ಅನ್ನುವ ಹುಡುಗ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. ಚಿಕ್ಕವನಿದ್ದಾಗ ಆ ನಾಟಕ ನೋಡಿದ್ದನಂತೆ, ಈಗ ಅದನ್ನು ಸಿನಿಮಾ ಮಾಡುತ್ತಾನಂತೆ. ಮೂರ್ತಪ್ಪನಿಗೆ ಅರವತ್ತು ದಾಟಿತ್ತು. ನಾಟಕ ಕೇಳಿಕೊಂಡು ಬರುವವರು ಕಡಿಮೆಯಾಗಿದ್ದರು. ಸಿನಿಮಾ ಅಂದಕೂಡಲೇ ಮೀಸೆಗೆ ಕಪ್ಪು ಬಳಿದುಕೊಂಡು ಓಡಾಡತೊಡಗಿದ.

“ಒಂದು ತೊಂದರೆ ಐತೆ ಮೇಷ್ಟ್ರೇ” ಅಂದ ನಿರಂಜನ್. “ಹೆಂಡತಿ ಪಾರ್ಟು ಮಾಡೋ ಸ್ವಾತಿ ಮೈಸೂರಿನ ಹುಡುಗಿ. ಅಭಿನಯ ಚೆನ್ನಾಗೈತೆ, ನಮ್ ಕಡೆ ಮಾತು ಬರಲ್ಲ. ಅಮ್ಮೋರೇ ಅವಳಿಗೆ ದನಿ ಕೊಟ್ರೆ ಬಂಗಾರದಂಗಿರ್ತೈತೆ.”

ಮೂರ್ತಪ್ಪ ಹೆಂಡತಿಯ ಕಡೆ ನೋಡಿದ. ಅಂಥ ಖುಷಿಯ ನೋಟವನ್ನು ಅವಳು ಮದುವೆಯ ದಿನವೂ ನೋಡಿರಲಿಲ್ಲ. ಇಪ್ಪತ್ತೇಳು ವರ್ಷ ಬಡಿದರೂ ಸಿಗದ್ದು ಈಗ ಮೈಕಿನ ಮುಂದೆ ಸಿಗುತ್ತದೆ. ಅದೂ ಅವಳದೇ ದನಿಯಲ್ಲಿ, ಅವನು ಸತ್ತ ಮೇಲೂ ಅಳಿಸಲಾಗದ ಹಾಗೆ. “ಕೊಡ್ತಾಳೆ ತಗಳ್ರಿ” ಅಂತ ಅವಳನ್ನು ಕೇಳದೆಯೇ ಒಪ್ಪಿಕೊಂಡ.

ಹಿರಿಯೂರಿನಲ್ಲಿ ಸಂಸಾರ ಮಾಡಿಕೊಂಡಿದ್ದ ಶಾಂತಿ ಫೋನು ಮಾಡಿದಳು. “ಒಂದು ಮಾತು ತಾನೇನಮ್ಮ. ಪಾರ್ಟಿನ ಮಾತು. ಅಂದ್ಬಿಟ್ರೆ ಅಪ್ಪ ಸುಮ್ನಾಗ್ತಾನೆ.” ಚಂದ್ರಕ್ಕ ಫೋನನ್ನು ಬಲಗಿವಿಯಿಂದ ತೆಗೆದು ಎಡಗಿವಿಗೆ ಇಟ್ಟುಕೊಂಡಳು. ಮಗಳು ಮಾತಾಡುತ್ತಲೇ ಇದ್ದಳು.

ಸಿನಿಮಾದ ಕೊನೆಯ ದೃಶ್ಯವನ್ನು ನಾಟಕದ ಸ್ಟೇಜಿನ ಮೇಲೆಯೇ ತೆಗೆಯಬೇಕು ಅಂತ ನಿರಂಜನ್‌ಗೆ ಆಸೆ. ಹೊಳಲ್ಕೆರೆಯ ಒಂದು ಬಯಲು ರಂಗಮಂದಿರದಲ್ಲಿ ಹಳೆಯ ಪರದೆ ತೂಗುಹಾಕಿದರು. ಬೆಳಗ್ಗೆ ಹತ್ತರ ಬಿಸಿಲು. ಮಳೆನೀರು ಇಳಿದು ಆಕಾಶದ ಒಂದು ಮೂಲೆ ಮಾಸಿತ್ತು. ಸೆಟ್ಟಿನ ಕೆಲಸದ ಮಾರುತಿ ಒಂದು ಬಕೆಟ್ಟಿನಲ್ಲಿ ನೀಲಿ, ಇನ್ನೊಂದರಲ್ಲಿ ಬಿಳಿ ಕಲಸಿಕೊಂಡು ತೇಪೆ ಹಾಕಲು ನೋಡಿದ. ಮೂರು ಸಲ ಬಳಿದು, ಮೂರು ಸಲ ಒರೆಸಿ, ಕೈಚೆಲ್ಲಿದ.

“ಸಾರ್, ಇದು ನನಗೆ ಕೂರಲ್ಲ. ಈ ಮೋಡದ ಬಾಲ ಎಲ್ಲಾ ಬಲದಿಂದ ಎಡಕ್ಕೆ ಎಳೆದವೆ. ಕುಂಚ ಎತ್ತಿರೋ ರೀತಿ ನೋಡಿ. ಇದನ್ನ ಬರೆದೋರು ಎಡಗೈಯೋರು.”

ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ ಮೂರ್ತಪ್ಪ ಲೋಟ ಕೆಳಗಿಟ್ಟ. “ಬರೆದೋನು ಬಲಗೈಯೋನು ಕಣಪ್ಪ.”

“ಬಲಗೈಯೋರಿಗೆ ಹಿಂಗೆ ಬರಲ್ಲ ಮೇಷ್ಟ್ರೇ. ಬೇಕಾದ್ರೆ ಯಾರನ್ನಾದ್ರೂ ಕೇಳಿ.”

“ಬಲಗೈಯೋನು ಅಂತ ನಂಗೊತ್ತು” ಅಂದ ಮೂರ್ತಪ್ಪ. ಹೇಗೆ ಗೊತ್ತು ಅನ್ನುವುದನ್ನು ಹೇಳಲಿಲ್ಲ. ಒರಳು ಕಲ್ಲಿನ ಮೇಲೆ ಅದುಮಿ ಹಿಡಿದಿದ್ದು ಯಾವ ಕೈ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು. ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ವಿಂಗಿನ ಪಕ್ಕ ನಿಂತಿದ್ದ ಹೆಂಡತಿಯನ್ನು ನೋಡಿದ. ಚಂದ್ರಕ್ಕ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ.

ದೃಶ್ಯ ಶುರುವಾಯಿತು. ಗಂಡನ ಪಾತ್ರದ ನಟ ಗಾಳಿಗೆ ಹೊಡೆದ, ಸ್ವಾತಿ ಬಿದ್ದಳು, ಕಾಲು ಹಿಡಿದಳು. ‘ಹೌದು ಸ್ವಾಮಿ’ ಅಂದದ್ದು ಮೈಸೂರು ಮಾತಾಯಿತು. ನಿರಂಜನ್ ನಿಲ್ಲಿಸಿದ. “ಅಮ್ಮ, ನೀವೊಂದ್ಸಲ ಹೇಳಿ ತೋರಿಸ್ರಿ. ಅವಳು ಕೇಳಿಸ್ಕಳ್ಲಿ. ಹಂಗೇ ರೆಕಾರ್ಡೂ ಆಗ್ತೈತೆ.” ಯಾರೋ ಉದ್ದನೆಯ ಕೋಲಿನ ಮೈಕನ್ನು ಅವಳ ತಲೆಯ ಮೇಲೆ ತಂದು ಹಿಡಿದರು. ಕ್ಯಾಮರಾ ಅವಳ ಕಡೆ ತಿರುಗಿತು.

“ಆ ಮಾತು ನಂಗೆ ಬರಲ್ಲಪ್ಪ.”

“ಇಷ್ಟು ವರ್ಷ ನೀವೇ ಅಲ್ವಾ ಎಲ್ರಿಗೂ ಹೇಳ್ಕೊಟ್ಟಿದ್ದು?”

“ಎಲ್ಲಾ ಹೇಳ್ಕೊಟ್ಟೀನಿ. ಇದೊಂದು ಹೇಳಿಲ್ಲ.”

ಮೂರ್ತಪ್ಪ ಎದ್ದು ಸ್ಟೇಜಿಗೆ ಬಂದ. “ನಾನು ಹೇಳಿಸ್ತೀನಿ, ಕ್ಯಾಮರಾ ಓಡಿಸ್ರಿ. ಏಟು ಅಂದ್ರೆ ಹೆಂಗಿರಬೇಕು ಅಂತ ಆ ಹುಡುಗನೂ ನೋಡ್ಕಳ್ಲಿ.”

ಎಲ್ಲರೂ ಅದನ್ನು ಪಾಠ ಅಂತಲೇ ತಿಳಿದರು. ಮೊದಲ ಏಟು ಕೇಳದ ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ತುಟಿ ಸೀಳಿತು. “ಅನ್ನು.” “ಇಲ್ಲ.” ಜುಟ್ಟು ಹಿಡಿದು ಮರದ ಕಂಬಕ್ಕೆ ತಲೆ ಹೊಡೆಸಿದ. “ಹೌದು ಅನ್ನೇ.” “ಇಲ್ಲ.” ಮೈಕು ಹಿಡಿದವನು ಪಕ್ಕದವನಿಗೆ “ಏನ್ ನ್ಯಾಚುರಲ್ ನೋಡು ಗುರು” ಅಂತ ಪಿಸುಗುಟ್ಟಿದ. ಗಂಡನ ಪಾತ್ರದ ನಟ ಕೈಕಟ್ಟಿ ನಿಂತು ಶ್ರದ್ಧೆಯಿಂದ ಕಲಿಯುತ್ತಿದ್ದ. ಮೂರ್ತಪ್ಪನ ಹೊಡೆತದಲ್ಲಿ ಇವತ್ತು ಬೇರೆಯದೇ ಒಂದು ಆತುರವಿತ್ತು. ಅದು ಚಂದ್ರಕ್ಕನಿಗೊಬ್ಬಳಿಗೆ ತಿಳಿಯಿತು. ಅವನಿಗೆ ಈಗ ಆ ‘ಹೌದು’ ಬೇಕೇಬೇಕು. ಸಿಗದಿದ್ದರೆ ಒರಳು ಕಲ್ಲಿನ ಮೇಲೆ ಮುರಿದ ಬೆರಳು, ಹರಿದ ಕಿವಿ, ಇನ್ನೂರು ಊರಲ್ಲಿ ಆಡಿಸಿದ ನಾಟಕ, ಎಲ್ಲವೂ ಅವನ ತಲೆಯ ಮೇಲೇ ಬಂದು ಕೂರುತ್ತವೆ.

ಹೊಟ್ಟೆಗೆ ಬಿದ್ದ ಒದೆಗೆ ಅವಳು ಬಕೆಟ್ಟುಗಳ ಪಕ್ಕ ಹೋಗಿ ಬಿದ್ದಳು. ನೀಲಿ ಚೆಲ್ಲಿತು. ಮಲಗಿದಲ್ಲಿಂದಲೇ ಮಾಸಿದ ಮೂಲೆ ಕಾಣುತ್ತಿತ್ತು. ಚಂದ್ರಕ್ಕ ಮೊಣಕಾಲೂರಿ ಎದ್ದಳು. ಎಡಗೈಯನ್ನು ಮಣಿಕಟ್ಟಿನವರೆಗೆ ನೀಲಿಗೆ ಅದ್ದಿ ಪರದೆಗೆ ಹಚ್ಚಿದಳು. ಮೇಲಿಂದ ಕೆಳಗೆ ಒಂದು ಸಲ, ಎರಡು ಸಲ. ಆಮೇಲೆ ಬಿಳಿಗೆ ಅದ್ದಿ, ಬಲದಿಂದ ಎಡಕ್ಕೆ ಎಳೆದು, ತುದಿಯಲ್ಲಿ ಬೆರಳು ಎತ್ತಿದಳು. ಹಳೆಯ ಮೋಡದ ಪಕ್ಕ ಹೊಸ ಮೋಡ ನಿಂತಿತು. ಒಂದೇ ತಾಯಿ ಹೆತ್ತ ಮಕ್ಕಳ ಹಾಗೆ. ಮಾರುತಿ ಬಾಯಿ ಬಿಟ್ಟುಕೊಂಡು ನೋಡಿದ.

ಅವಳು ಎಡಗೈಯನ್ನು ಕಂಬಕ್ಕೆ ಆನಿಸಿಕೊಂಡು ಗಂಡನ ಕಡೆ ತಿರುಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು.

“ನೀನು ಮುರಿದಿದ್ದು ತಪ್ಪು ಕೈ. ಬರೆದಿದ್ದು ಈ ಕೈ. ನೋಡು.”

ಮೂರ್ತಪ್ಪ ನೋಡಿದ. ಮೋಡ ನೋಡಿದ, ಕೈ ನೋಡಿದ. ಅವನಿಗೆ ಅರ್ಥವಾಯಿತು, ಅದರಲ್ಲಿ ಅನುಮಾನವಿಲ್ಲ. ಅರ್ಥವಾದ ಮನುಷ್ಯ ಕುಸಿದು ಕೂರಬಹುದಿತ್ತು, ಅಳಬಹುದಿತ್ತು, ಕಡೇಪಕ್ಷ ಎದ್ದು ಹೋಗಬಹುದಿತ್ತು. ಅವನು ಬಗ್ಗಿ ಪರದೆ ಸುತ್ತುವ ಬಿದಿರು ಎತ್ತಿಕೊಂಡ. ಕಂಬಕ್ಕೆ ಆನಿಸಿದ್ದ ಅವಳ ಎಡಗೈ ಮೇಲೆ ಇಳಿಸಿದ. ಎರಡನೇ ಸಲ ಎತ್ತುವಾಗ ಸ್ವಾತಿ ಚೀರುತ್ತಾ ಬಂದು ಅವನ ತೋಳಿಗೆ ಜೋತುಬಿದ್ದಳು. ಆಗ ಉಳಿದವರಿಗೆ ಇದು ಪಾಠವಲ್ಲ ಅಂತ ಗೊತ್ತಾಯಿತು. ಏಳೆಂಟು ಜನ ಸೇರಿ ಅವನನ್ನು ಕೆಡವಿ ಹಿಡಿದರು. ಕ್ಯಾಮರಾ ಓಡುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೂರು ಬೆರಳು ಮುರಿದಿವೆ ಅಂತ ಹೇಳಿ ಮೊಣಕೈವರೆಗೆ ಪಟ್ಟಿ ಹಾಕಿದರು. ಉಗುರಿನ ಸಂದಿಯಲ್ಲಿ ನೀಲಿ ಹಾಗೇ ಇತ್ತು. ಮಾರನೇ ದಿನ ಬೆಳಗ್ಗೆ ಸ್ವಾತಿ ಬಂದು ಮಂಚದ ಪಕ್ಕ ಕೂತಳು. “ಆ ಮಾತು ನಾನು ಹೇಳಲ್ಲ ಅಂತ ನಿರಂಜನ್‌ಗೆ ಹೇಳಿಬಿಟ್ಟೆ ಅಮ್ಮ. ಅವರೂ ತೆಗೆದುಹಾಕ್ತೀನಿ ಅಂದ್ರು. ನಿನ್ನೆ ರೆಕಾರ್ಡ್ ಆಗಿದ್ದನ್ನ ಸ್ಟೇಷನ್ನಿಗೆ ಕೊಟ್ಟಿದ್ದಾರೆ.” ಚಂದ್ರಕ್ಕ ಆ ಹುಡುಗಿಯ ತಲೆ ಸವರಿದಳು. ತನ್ನ ಮಗಳು ಆಡಬೇಕಿದ್ದ ಮಾತು ಅದು ಅನ್ನಿಸಿತು.

ಮಗಳೂ ಬಂದಳು, ಅಳುತ್ತಲೇ. ಬಲಗಿವಿಗೆ ಬಾಯಿಟ್ಟು ಹೇಳಿದಳು: “ಪೊಲೀಸ್ನೋರು ಬರ್ತಾವ್ರೆ ಅಮ್ಮ. ಸ್ಟೇಜಿಂದ ಜಾರಿ ಬಿದ್ದೆ ಅಂದ್ಬಿಡು. ಅಪ್ಪನಿಗೆ ವಯಸ್ಸಾಗೈತೆ. ಪಾರ್ಟು ಮಾಡ್ತಾ ಏಟು ಬಿತ್ತು ಅಂದ್ರೂ ನಂಬ್ತಾರೆ. ನಮ್ಮನೇಲಿ ನಾನು ತಲೆ ಎತ್ಕಂಡು ತಿರುಗೋದು ಬ್ಯಾಡ್ವಾ?”

ಅಷ್ಟರಲ್ಲಿ ಹೆಡ್ ಕಾನ್ಸ್‌ಟೇಬಲ್ ನಾಗಣ್ಣ ಕಾಗದ, ಪೆನ್ನು ಹಿಡಿದು ಬಂದ. ಸ್ಟೂಲು ಎಳೆದು ಕೂತ. ತಲೆ ನರೆತ, ಇಂಥವನ್ನು ಬಹಳ ಬರೆದಿದ್ದ ಮನುಷ್ಯ. ಯಾವ ಉತ್ತರ ಬರುತ್ತದೆ ಅನ್ನುವುದು ತನಗೆ ಮೊದಲೇ ಗೊತ್ತು ಅನ್ನುವ ಹಾಗೆ ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಕೇಳಿದ.

“ನಿಜ ಹೇಳ್ರಮ್ಮ, ಹೊಡೆದಿದ್ದು ನಿಮ್ ಯಜಮಾನ್ರೇನಾ?”

ಶಾಂತಿ ತಾಯಿಯ ಸೆರಗು ಜಗ್ಗಿದಳು. ಚಂದ್ರಕ್ಕನಿಗೆ ಒರಳು ಕಲ್ಲು ನೆನಪಾಯಿತು, ಎರಡು ಅಂಗೈಯ ನಡುವೆ ಹಿಡಿದ ಟೀ ಲೋಟ ನೆನಪಾಯಿತು. ದಿಂಬಿಗೆ ಒರಗಿದ್ದವಳು ನೆಟ್ಟಗೆ ಕೂತಳು.

“ಹೌದು.”

ಆ ದನಿಗೆ ವಾರ್ಡಿನ ಕೊನೆಯ ಮಂಚದವರೂ ತಿರುಗಿ ನೋಡಿದರು. ಇಪ್ಪತ್ತೇಳು ವರ್ಷ ಅಡಗಿಸಿಟ್ಟಿದ್ದ ದನಿ ಅಷ್ಟು ದೊಡ್ಡದಿದೆ ಅಂತ ಅವಳಿಗೂ ಗೊತ್ತಿರಲಿಲ್ಲ.

ನಾಗಣ್ಣ ಪೆನ್ನಿನ ಮುಚ್ಚಳ ತೆಗೆದ. “ಎಷ್ಟು ದಿನದಿಂದ?”

“ಬರ್ಕಳ್ರಿ, ಹೇಳ್ತೀನಿ. ತೊಂಬತ್ತೇಳನೇ ಇಸವಿಯಿಂದ. ನಂದೊಂದೇ ಅಲ್ಲ, ಭರಮಸಾಗರದ ಯತ್ತಪ್ಪ ಅಂತ ಒಬ್ರಿದ್ರು, ಅವರ ಕೈದೂ ಬರ್ಕಳ್ರಿ.”

ಬರೆದು ಮುಗಿಯುವಾಗ ಮಧ್ಯಾಹ್ನದ ಊಟದ ಗಾಡಿ ಬಂದಿತ್ತು. ಎಡಗೈ ಪಟ್ಟಿಯೊಳಗಿತ್ತು. ಅವಳು ಬಲಗೈಯಲ್ಲೇ ಪೆನ್ನು ಹಿಡಿದು ಸಹಿ ಮಾಡಿದಳು. ರಂಗೋಲಿಯಷ್ಟೇ ಸೊಟ್ಟಗೆ ಬಂತು. ನಾಗಣ್ಣ ಅದನ್ನು ಒಂದು ಸಲ ಓದಿ, ಸರಿಯಾಗಿದೆ ಅಂತ ಹೇಳಿ, ಕಾಗದ ಮಡಚಿ ಇಟ್ಟುಕೊಂಡ.